ಮಷೀನ್ ಗೆದ್ದವನು ಮನುಷ್ಯನ ಮುಂದೆ ಸೋಲೋದ್ಯಾಕೆ?

ವಿಡಿಯೋ ಗೇಮ್ ಆಡೋ ಹುಡುಗರಿರುವ ಮನೆಗಳಲ್ಲಿ ಇದು ಹೊಸದಲ್ಲ. ಮಗ ಮೂರು ತಿಂಗಳಿಂದ ಟೆಕ್ಕನ್ ಅಥವಾ ಸ್ಟ್ರೀಟ್ ಫೈಟರ್ ಆಡ್ತಿದ್ದಾನೆ. ಅತಿ ಕಠಿಣ ಲೆವೆಲ್‌ನಲ್ಲೂ ಕಂಪ್ಯೂಟರನ್ನ ಸೋಲಿಸಿದ್ದಾನೆ. ಆಮೇಲೆ ಆನ್‌ಲೈನ್‌ಗೆ ಹೋಗ್ತಾನೆ. ಎದುರಿಗೆ ಯಾರೋ ಒಬ್ಬ ಮನುಷ್ಯ. ಸಾಲಾಗಿ ಹತ್ತು ಮ್ಯಾಚ್ ಸೋತು, 'ಇದು ನನ್ನ ಕೈಲಾಗಲ್ಲ' ಅಂತ ಎದ್ದುಬಿಡ್ತಾನೆ. ಹಾಗಾದ್ರೆ ಆ ಮೂರು ತಿಂಗಳು ಅವನು ಕಲಿತದ್ದೇನು?

ಉತ್ತರ ಮಷೀನ್ ಒಳಗಡೆ ಇದೆ. ಈ ಆಟಗಳಲ್ಲಿ ಒಂದು ಸೆಕೆಂಡ್ ಅಂದ್ರೆ 60 ಫ್ರೇಮ್. ಸ್ಟ್ರೀಟ್ ಫೈಟರ್ 6ರಲ್ಲಿ ಅತಿ ವೇಗದ ಗುದ್ದು ನಾಲ್ಕನೇ ಫ್ರೇಮ್‌ಗೆ ತಾಗುತ್ತೆ. ಕಣ್ಣು ನೋಡಿ, ಕೈ ಬಟನ್ ಒತ್ತೋದಕ್ಕೆ ಮನುಷ್ಯನಿಗೆ ಹನ್ನೆರಡು ಫ್ರೇಮ್ ಆದ್ರೂ ಬೇಕು. ಅಂದ್ರೆ ಅದನ್ನ ನೋಡಿ ತಡೆಯೋಕೆ ಯಾರಿಂದಲೂ ಆಗಲ್ಲ, ಮೊದಲೇ ಊಹಿಸಬೇಕು. ಕಂಪ್ಯೂಟರ್‌ಗೆ ಊಹೆ ಯಾಕೆ ಬೇಕು? ನೀವು ಬಟನ್ ಒತ್ತಿದ ತಕ್ಷಣ ಅದಕ್ಕೆ ಸುದ್ದಿ ಸಿಗುತ್ತೆ. ಪ್ರೋಗ್ರಾಮಿಂಗ್ ಓದಿದವರಿಗೆ ಗೊತ್ತು, ಇದು ಇಷ್ಟೇ: 'ಹೀಗಾದರೆ ಹಾಗೆ ಮಾಡು.' 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಗೈಲ್‌ನ ಫ್ಲ್ಯಾಶ್ ಕಿಕ್ ಬರಬೇಕಾದರೆ ನಾವು ಸ್ಟಿಕ್ಕನ್ನ ಸ್ವಲ್ಪ ಹೊತ್ತು ಕೆಳಗೆ ಎಳೆದು ಹಿಡಿದಿರಬೇಕು. ಕಂಪ್ಯೂಟರ್ ಆಡಿಸುವ ಗೈಲ್‌ಗೆ ಆ ನಿಯಮವೇ ಇಲ್ಲ!

ಅದೇ ಕಂಪ್ಯೂಟರ್ ಪೆದ್ದನೂ ಹೌದು. ಒಂದು ತಂತ್ರಕ್ಕೆ ಬಿದ್ದರೆ ನೂರು ಸಲವೂ ಅದಕ್ಕೇ ಬೀಳುತ್ತೆ. ಹುಡುಗ ಆ ತಂತ್ರವನ್ನೇ ಆಟ ಅಂದುಕೊಳ್ತಾನೆ. ಮನುಷ್ಯ ಎರಡು ಸಲ ಬೀಳ್ತಾನೆ, ಮೂರನೇ ಸಲ ಕಾದು ಕೂತಿರ್ತಾನೆ. ಹುಡುಗ ಕಲಿತದ್ದು ಮಷೀನಿನ ಚಾಳಿಯನ್ನ, ಆಟವನ್ನಲ್ಲ.

ಹಾಗಂತ ಮಷೀನ್ ಜೊತೆ ಅಭ್ಯಾಸ ವ್ಯರ್ಥವಾ? ಖಂಡಿತ ಅಲ್ಲ. ಟ್ರೇನಿಂಗ್ ಮೋಡ್‌ನಲ್ಲಿ ಎದುರಾಳಿಯ ಒಂದು ಏಟನ್ನ ರೆಕಾರ್ಡ್ ಮಾಡಿಟ್ಟು, ಅದಕ್ಕೆ ಉತ್ತರವನ್ನ ನೂರು ಸಲ ತಿದ್ದಬಹುದು. 2004ರಲ್ಲಿ ಕ್ಯಾಲಿಫೋರ್ನಿಯಾದ ಇವೋ ಟೂರ್ನಿಯಲ್ಲಿ ಜಪಾನಿನ ಡೈಗೊ ಉಮೆಹಾರ, ಇನ್ನೊಂದು ಏಟು ತಗುಲಿದರೆ ಮುಗೀತು ಅನ್ನೋ ಸ್ಥಿತಿಯಲ್ಲಿ, ಜಸ್ಟಿನ್ ವಾಂಗ್‌ನ ಸತತ 15 ಏಟುಗಳನ್ನ ಒಂದೂ ಬಿಡದೆ ತಡೆದು ಆ ಮ್ಯಾಚ್ ಗೆದ್ದ. ಆ ಕೈಚಳಕ ಅಭ್ಯಾಸದಿಂದ ಬರುತ್ತೆ. ಆದ್ರೆ ಆ ದಾಳಿ ಯಾವ ಕ್ಷಣದಲ್ಲಿ ಬರುತ್ತೆ ಅಂತ ಮೊದಲೇ ಊಹಿಸಬೇಕಿತ್ತಲ್ಲ, ಅದನ್ನ ಕಲಿಸೋದು ಮನುಷ್ಯನೇ.

2024ರಲ್ಲಿ ಬಂದ ಟೆಕ್ಕನ್ 8ರಲ್ಲಿ ನಿಮ್ಮ ಆಟ ನೋಡಿ ನಿಮ್ಮಂತೆಯೇ ಆಡುವ 'ಘೋಸ್ಟ್' ಇದೆ. ಒಳ್ಳೆಯದೇ. ನಮ್ಮ ತಪ್ಪು ನಮಗೇ ಕಾಣುತ್ತೆ. ಆದರೆ ಘೋಸ್ಟ್‌ಗೆ ಸೋಲಿನ ಭಯ ಇಲ್ಲ, ಗೆಲ್ಲಲೇಬೇಕು ಅನ್ನೋ ಹಟವೂ ಇಲ್ಲ.

ಈಗ ಲಾಹೋರ್‌ನ ಕಥೆ ಕೇಳಿ. 2019ರ ಫೆಬ್ರವರಿಯಲ್ಲಿ ಅರ್ಸಲಾನ್ ಸಿದ್ದಿಕಿ ಎಂಬ ಯುವಕ ಇವೋ ಜಪಾನ್‌ನಲ್ಲಿ ಟೆಕ್ಕನ್ 7 ಪಟ್ಟ ಗೆದ್ದಾಗ ಜಗತ್ತು ಬೆರಗಾಯ್ತು. ನನ್ನಂಥವರು ಪಾಕಿಸ್ತಾನದಲ್ಲಿ ಇನ್ನೂ ಇದ್ದಾರೆ ಅಂದ ಆತ. ಕೊರಿಯಾದ ದಿಗ್ಗಜ ಬೇ ಜೇ-ಮಿನ್ ಏನು ಮಾಡಿದ? ರೂಮಿನ ಬಾಗಿಲು ಹಾಕಿಕೊಂಡು ಕಂಪ್ಯೂಟರ್ ಜೊತೆ ಕೂರಲಿಲ್ಲ. ಪಾಕಿಸ್ತಾನಕ್ಕೇ ಹೋಗಿ ಅಲ್ಲಿನ ಹುಡುಗರ ಪಕ್ಕ ಕೂತು ಆಡಿದ. ಅದೇ ಆಗಸ್ಟ್‌ನಲ್ಲಿ ಲಾಸ್ ವೇಗಸ್ ಫೈನಲ್‌ನಲ್ಲಿ ಅರ್ಸಲಾನ್ ಗೆದ್ದದ್ದು ಇದೇ ಬೇ ವಿರುದ್ಧ.

ನಮ್ಮ ಗರಡಿ ಮನೆಯ ಪಾಠವೂ ಇದೇ ಅಲ್ವಾ? ಪೈಲ್ವಾನ ಒಬ್ಬನೇ ದಂಡ, ಬಸ್ಕಿ ಹೊಡೀತಾನೆ, ಮೈ ಗಟ್ಟಿಯಾಗಲಿ ಅಂತ. ಪಟ್ಟು ಕಲಿಯೋದು ಮಾತ್ರ ಮಟ್ಟಿಗಿಳಿದು, ಜೋಡಿಯ ಎದುರು.

ಅಪ್ಪ-ಅಮ್ಮಂದಿರಿಗೆ ಒಂದು ಮಾತು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5ಕ್ಕೂ ಪದಕ ಇತ್ತು. ಚಿನ್ನ ಗೆದ್ದ ಕೊರಿಯಾದ ಕಿಮ್ ಗ್ವಾನ್-ವೂಗೆ ಆಗ 44 ವರ್ಷ. ಭಾರತದವರೂ ಕಣದಲ್ಲಿದ್ದರು. ಮಗ ಆಡೋದೇ ಆದರೆ ಕತ್ತಲೆ ರೂಮಿನಲ್ಲಿ ಒಬ್ಬನೇ ಆಡೋದು ಬೇಡ. ಅರ್ಧ ಗಂಟೆ ಮಷೀನ್ ಜೊತೆ ಕೈ ತಿದ್ದಲಿ. ಆಮೇಲೆ ಗೆಳೆಯರನ್ನ ಮನೆಗೆ ಕರೆಯಲಿ, ಸೋಲಲಿ. ಸೋತ ಮೇಲೆ 'ನಾನು ಹೀಗೇ ಮಾಡ್ತೀನಿ ಅಂತ ನಿನಗೆ ಹೇಗೆ ಗೊತ್ತಾಯ್ತು?' ಅಂತ ಗೆದ್ದವನನ್ನೇ ಕೇಳಲಿ. ಈ ಪ್ರಶ್ನೆಗೆ ಮಷೀನ್ ಉತ್ತರ ಕೊಡಲ್ಲ, ಗೆಳೆಯ ಕೊಡ್ತಾನೆ.