ಹಕ್ಕಿಗಳ ಪಾಲಿನ ಅರ್ಧ ಟಿಎಂಸಿ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಜನವರಿಯಲ್ಲಿ ನಮ್ಮ ವೇದಿಕೆಯಿಂದ ಭರತಪುರಕ್ಕೆ ಪ್ರವಾಸ ಅಂತ ಗೊತ್ತಾದ ಮೇಲೆ, "ಹೋಗುವ ಮುಂಚೆ ಆ ಜಾಗದ ಬಗ್ಗೆ ನಾಲ್ಕು ಮಾತು ಹೇಳಿ ಮೇಡಂ" ಎಂದು ಕಾರ್ಯದರ್ಶಿಗಳು ಕೇಳಿದರು. ದೆಹಲಿಯ ಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಮಕ್ಕಳನ್ನು ಕಟ್ಟಿಕೊಂಡು ಎಷ್ಟೋ ಸಲ ಅಲ್ಲಿಗೆ ಹೋಗಿದ್ದೇನೆ. ಹಕ್ಕಿಗಳ ಹೆಸರು, ಬಣ್ಣ, ಕೂಗು ಇವನ್ನೆಲ್ಲ ಅಲ್ಲಿನ ರಿಕ್ಷಾದವರೇ ನನಗಿಂತ ಚೆನ್ನಾಗಿ ಹೇಳುತ್ತಾರೆ. ಹಾಗಾಗಿ ಇವತ್ತು ನಾನು ಹೇಳುವುದು ನೀರಿನ ಲೆಕ್ಕ.

ಅದರ ಹೆಸರು ಕೇವಲಾದೇವ ರಾಷ್ಟ್ರೀಯ ಉದ್ಯಾನ. ಒಳಗಿರುವ ಶಿವನ ಗುಡಿಯಿಂದ ಬಂದ ಹೆಸರು. ಊರಿನವರ ಬಾಯಲ್ಲಿ ಅದು ಬರೀ 'ಘನಾ'. ವಿಸ್ತೀರ್ಣ ಸುಮಾರು 29 ಚದರ ಕಿಲೋಮೀಟರ್. 1981ರಲ್ಲಿ ರಾಮ್ಸರ್ ಪಟ್ಟಿಗೆ, 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇದಕ್ಕೆ ವರ್ಷಕ್ಕೆ ಬೇಕಾದ ನೀರು 55 ಕೋಟಿ ಘನ ಅಡಿ. ಕಾವೇರಿ ಸುದ್ದಿ ಓದಿ ಬೆಳೆದ ನಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕೆಂದರೆ ಅರ್ಧ ಟಿಎಂಸಿ ಚಿಲ್ಲರೆ. ಕನ್ನಂಬಾಡಿ ಕಟ್ಟೆ ತುಂಬಿದರೆ 49 ಟಿಎಂಸಿ. ಇಷ್ಟು ಸಣ್ಣ ಪಾಲಿಗೆ ಎಷ್ಟು ದೊಡ್ಡ ಜಗಳ ನಡೆದಿದೆ ಅನ್ನುವುದೇ ಇದರ ಕಥೆ.

ಇದು ತಾನಾಗಿ ಹುಟ್ಟಿದ ಕೆರೆಯಲ್ಲ. 18ನೇ ಶತಮಾನದಲ್ಲಿ ಭರತಪುರದ ರಾಜ ಸೂರಜ್‌ಮಲ್ ಗಂಭೀರ್ ಮತ್ತು ಬಾಣಗಂಗಾ ನದಿಗಳ ನೀರು ಹಿಡಿಯಲು ಅಜಾನ್ ಬಂಧ್ ಎಂಬ ಏರಿ ಕಟ್ಟಿಸಿದ. ಮಳೆಗಾಲದಲ್ಲಿ ಹೊಳೆ ಉಕ್ಕಿ ಬಂದಾಗ ಆ ನೀರು ಅಲ್ಲಿ ನಿಂತು, ಕಾಲುವೆಯಿಂದ ತಗ್ಗಿನ ಈ ಕಾಡಿಗೆ ಇಳಿಯುತ್ತಿತ್ತು. ಮುಂದೆ ರಾಜರು ಒಳಗೆ ಸಣ್ಣ ಸಣ್ಣ ಒಡ್ಡು ಹಾಕಿಸಿ, ತೂಬು ಇಡಿಸಿ, ಬಾತುಗಳ ಬೇಟೆಗೆ ಅಂತಲೇ ಕೊಳಗಳನ್ನು ಮಾಡಿಸಿದರು. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದರು. ಆ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದಾರೆ, ನೀವೇ ನೋಡುತ್ತೀರಿ. ನನಗೆ ಆ ಕಲ್ಲಿನ ಮುಂದೆ ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ಈಗಲೂ ಕಸಿವಿಸಿ.

ಬಾಣಗಂಗಾ ಬಹಳ ಹಿಂದೆಯೇ ಸೊರಗಿತ್ತು. ಉಳಿದದ್ದು ಗಂಭೀರ್. ಅದಕ್ಕೆ ಮೇಲ್ಭಾಗದ ಕರೌಲಿ ಜಿಲ್ಲೆಯಲ್ಲಿ ಪಾಂಚನಾ ಅಣೆಕಟ್ಟು ಬಂತು. 2004ರಲ್ಲಿ ಮಳೆ ಕೈಕೊಟ್ಟಾಗ ಅಲ್ಲಿನ ರೈತರು, ನಮ್ಮ ಹೊಲಕ್ಕಿಲ್ಲದ ನೀರು ಹಕ್ಕಿಗೇಕೆ ಎಂದು ಪಟ್ಟು ಹಿಡಿದರು. ಆಮೇಲಿನ ಬರದ ವರ್ಷಗಳಲ್ಲಿ ನಾನು ಮಕ್ಕಳನ್ನು ಕರೆದುಕೊಂಡು ಹೋದಾಗ ಕಂಡದ್ದು ಬಿರುಕು ಬಿಟ್ಟ ಕೆಸರು, ಎಲ್ಲೆಲ್ಲೂ ಹಬ್ಬಿದ ಬಳ್ಳಾರಿ ಜಾಲಿ. ಸಾಲಾಗಿ ನಿಂತ ಸೈಕಲ್ ರಿಕ್ಷಾಗಳಲ್ಲಿ ಮಧ್ಯಾಹ್ನವಾದರೂ ಬೋಣಿಯಾಗದವೇ ಹೆಚ್ಚು. ನಮ್ಮನ್ನು ಕೂರಿಸಿಕೊಂಡಾತ ಹೇಳಿದ: "ಮೇಡಂ, ಹಕ್ಕಿಗಾದರೂ ರೆಕ್ಕೆ ಇದೆ, ಬೇರೆ ಕೆರೆ ಹುಡುಕಿಕೊಳ್ಳುತ್ತೆ. ನಾನು ಈ ರಿಕ್ಷಾ ತಗೊಂಡು ಎಲ್ಲಿಗೆ ಹೋಗಲಿ?"

ಆ ರಾತ್ರಿ ಮಂಡ್ಯದಲ್ಲಿರುವ ನನ್ನ ತಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ ಮಾತು: "ಹಕ್ಕಿಗೆ ನೀರು ಬುಡಿ ಅಂತೀಯಲ್ಲಕ್ಕ, ನನ್ನ ಕಬ್ಬಿಗೆ ಏನ್ ಹಾಕ್ಲಿ?" ಕರೌಲಿಯ ರೈತನೂ ಅದನ್ನೇ ಕೇಳುತ್ತಿದ್ದ. ಬೆಳೆ ಒಣಗುವ ತಿಂಗಳಲ್ಲಿ ಈ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರವಿಲ್ಲ, ಇರುವುದೂ ಸಾಧ್ಯವಿಲ್ಲ. ಹಕ್ಕಿಯ ಪಾಲನ್ನು ಕೇಳಬೇಕಾದದ್ದು ಹೊಳೆ ತುಂಬಿ ಹರಿಯುವಾಗ, ಯಾರ ಗದ್ದೆಗೂ ಕೊರತೆಯಾಗದ ಆ ಕೆಲವೇ ವಾರಗಳಲ್ಲಿ. ಅದೃಷ್ಟಕ್ಕೆ ಜೌಗುಭೂಮಿಗೂ ನೀರು ಬೇಕಾಗುವುದು ಆಗಲೇ.

"ಬೋರ್‌ವೆಲ್ ಹಾಕಿ ತುಂಬಿಸಬಹುದಲ್ಲ, ಪೈಪಿನಲ್ಲಿ ತರಬಹುದಲ್ಲ?" ಎಂದು ಹುಡುಗರು ಕೇಳುತ್ತಿದ್ದರು. ಎರಡನ್ನೂ ಮಾಡಿ ನೋಡಿದ್ದಾರೆ. ಚಂಬಲ್ ನದಿಯ ಕುಡಿಯುವ ನೀರಿನ ಯೋಜನೆಯಿಂದಲೂ ಒಂದಿಷ್ಟು ಪಾಲು ಗೊತ್ತುಮಾಡಿದರು. ಆದರೆ ಕೊಳವೆಯ ನೀರು ಬರೀ ನೀರು. ನೆರೆಯ ನೀರಿನಲ್ಲಿ ಮೀನಿನ ಮರಿ, ಜಲಸಸ್ಯಗಳ ಬೀಜ, ಹುಳು ಹುಪ್ಪಟೆ, ಗೋಡು ಮಣ್ಣು ಎಲ್ಲ ಬರುತ್ತವೆ. ಹೊಳೆಯ ಮೀನುಗಳು ಮೊಟ್ಟೆಯಿಡುವುದು ಹೊಸ ನೀರು ಬಂದಾಗ. ಆ ಮರಿಗಳು ಜೌಗಿನ ಬೆಚ್ಚನೆಯ ತೆಳು ನೀರಿನಲ್ಲಿ ಬೆಳೆಯುವ ಹೊತ್ತಿಗೆ ಸರಿಯಾಗಿ ಬಣ್ಣದ ಕೊಕ್ಕರೆಗಳು ಕರಿಜಾಲಿ ಮರಗಳ ಮೇಲೆ ಗೂಡು ಕಟ್ಟಿರುತ್ತವೆ. ಶ್ರಾವಣ, ಭಾದ್ರಪದದಲ್ಲಿ ಶುರು. ನೀರು ಒಂದೆರಡು ತಿಂಗಳು ತಡವಾಗಿ ಬಂದರೆ ಕೊಳ ತುಂಬಬಹುದು, ಗೂಡು ತುಂಬುವುದಿಲ್ಲ. ನಾವು ಜನವರಿಯಲ್ಲಿ ನೋಡಲಿರುವ ದೊಡ್ಡ ಮರಿಗಳು ಜುಲೈ, ಆಗಸ್ಟಿನಲ್ಲಿ ಬಂದ ನೀರಿನ ಮಕ್ಕಳು.

ಬಂದ ನೀರು ವರ್ಷಪೂರ್ತಿ ನಿಂತಿರಬೇಕೆಂದೂ ಇಲ್ಲ. ಬೇಸಿಗೆಯಲ್ಲಿ ಅದು ಇಳಿಯಬೇಕು, ಕೆಸರಿಗೆ ಬಿಸಿಲು ಬೀಳಬೇಕು. ಒಂದೊಂದು ಕೊಳದಲ್ಲಿ ಒಂದೊಂದು ಆಳ ಇದ್ದರೆ ಬಾತಿಗೂ ಸಿಗುತ್ತದೆ, ಉದ್ದ ಕಾಲಿನ ಕೊಕ್ಕರೆಗೂ ಸಿಗುತ್ತದೆ. ಇದನ್ನು ಯಾವ ಯಂತ್ರವೂ ಮಾಡುವುದಿಲ್ಲ. ಯಾವ ತೂಬನ್ನು ಯಾವಾಗ ಎತ್ತಬೇಕು ಅಂತ ಗೊತ್ತಿರುವ ಸಿಬ್ಬಂದಿ ಮಾಡುತ್ತಾರೆ. ತೋಟಕ್ಕೆ ನೀರು ಕಟ್ಟುವ ಕೆಲಸದ ಹಾಗೆಯೇ.

ಕೊನೆಗೆ ಸಿಕ್ಕ ದಾರಿ ಗೋವರ್ಧನ ಡ್ರೈನ್. ಯಮುನಾ ಬಯಲಿನ ಮಳೆಗಾಲದ ಹೆಚ್ಚುವರಿ ನೀರನ್ನು ಹೊತ್ತೊಯ್ಯುವ ದೊಡ್ಡ ಕಾಲುವೆ ಅದು. ಅಲ್ಲಿಂದ ಸುಮಾರು 17 ಕಿಲೋಮೀಟರ್ ದೂರಕ್ಕೆ ಕೊಳವೆ ಹಾಕಿ, ನೆರೆ ಇರುವಾಗ ನೀರೆತ್ತಿ ಉದ್ಯಾನಕ್ಕೆ ತರುವ ಯೋಜನೆ 2012ರ ಹೊತ್ತಿಗೆ ಮುಗಿಯಿತು. 35 ಕೋಟಿ ಘನ ಅಡಿ ಇದರಿಂದ ಬರಬೇಕೆಂಬ ಲೆಕ್ಕ. ನನ್ನ ಅಭಿಪ್ರಾಯ ಕೇಳಿದರೆ, ಇದು ಗಂಭೀರ್ ನದಿಗೆ ಸಮನಲ್ಲ. ಡ್ರೈನ್ ಎಂದ ಮೇಲೆ ದಾರಿಯ ಊರುಗಳು ಬಿಟ್ಟದ್ದೆಲ್ಲ ಅದರಲ್ಲಿರುತ್ತದೆ; ನೆರೆಯ ಭರದಲ್ಲಿ ಮಾತ್ರ ಅದು ತಿಳಿಯಾಗುವುದು. ಆದರೂ ತತ್ವ ಸರಿಯಿದೆ. 2023ರ ಜುಲೈ 13 ನಮಗೆಲ್ಲ ನೆನಪಿದೆಯಲ್ಲ? ಹಳೆಯ ರೈಲ್ವೆ ಸೇತುವೆಯ ಹತ್ತಿರ ಯಮುನೆ 208.66 ಮೀಟರ್ ಮುಟ್ಟಿ, ರಿಂಗ್ ರೋಡಿನ ಮೇಲೆ ದೋಣಿ ಓಡಿಸುವ ಹಾಗಾಯಿತು. ಅಂಥ ನೀರು ಯಾರಿಗೂ ಬೇಡ. ಅದನ್ನು ಇಳಿಸಿಕೊಳ್ಳಲು ಒಂದು ತಗ್ಗು, ಒಂದು ಬಯಲು ಕಾದಿದ್ದರೆ ಅದು ನಗರಕ್ಕೂ ಉಪಕಾರವೇ.

ಆಸ್ಟ್ರೇಲಿಯಾದಲ್ಲಿ ಇದನ್ನು ಕಾನೂನಾಗಿಯೇ ಮಾಡಿಕೊಂಡಿದ್ದಾರೆ. ಅಲ್ಲಿನ ಮರ್ರೆ-ಡಾರ್ಲಿಂಗ್ ನದಿ ಬಯಲಿನಲ್ಲಿ, 2007ರ ಕಾಯಿದೆಯ ಪ್ರಕಾರ, ಪರಿಸರದ ಪಾಲಿನ ನೀರನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿಯಿದ್ದಾರೆ. ಸರ್ಕಾರ ರೈತರಿಂದ ನೀರಿನ ಹಕ್ಕನ್ನು ದುಡ್ಡು ಕೊಟ್ಟು ಕೊಂಡು, ಆ ಪಾಲನ್ನು ಜಲಾಶಯದಲ್ಲಿ ನದಿಯ ಹೆಸರಲ್ಲಿ ಇಟ್ಟಿರುತ್ತದೆ. ಮಳೆ ಬಂದು ಹೊಳೆ ತಾನಾಗಿ ಏರಿದಾಗ ಅದರ ಮೇಲೆ ಈ ನೀರನ್ನೂ ಬಿಡುತ್ತಾರೆ. ಬರಿದಾದ ಹೊಳೆಗೆ ಬಿಟ್ಟರೆ ಪಾತ್ರದಲ್ಲೇ ಹರಿದು ಹೋಗುವ ನೀರು, ಏರಿದ ಹೊಳೆಗೆ ಸೇರಿದಾಗ ದಡ ದಾಟಿ ಕಾಡಿಗೆ ನುಗ್ಗುತ್ತದೆ. ಅಲ್ಲಿಯೂ ರೈತರ ಸಿಟ್ಟಿದೆ, ದಡದ ಜಮೀನು ಮುಳುಗುತ್ತದೆಂಬ ತಕರಾರಿದೆ. ಆದರೆ ನದಿಯ ಪಾಲು ಅಂತ ಪುಸ್ತಕದಲ್ಲಿ ಒಂದು ಅಂಕಿಯಿದೆ. ಭರತಪುರದ ಹಕ್ಕಿಗಳ ನೀರು ಪ್ರತಿ ವರ್ಷವೂ ಹೊಸದಾಗಿ ಬೇಡಬೇಕಾದ ಭಿಕ್ಷೆ. ನನಗೆ ನೋವಾಗುವುದು ಇಲ್ಲಿ.

ನಮ್ಮ ಕಡೆಗೂ ಒಮ್ಮೆ ಬರೋಣ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಇದೇ ಜಾತಿಯ ಬಣ್ಣದ ಕೊಕ್ಕರೆಗಳು ಬಂದು ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಹೇಳುವುದನ್ನು ನೀವೂ ಕೇಳಿರುತ್ತೀರಿ. ಮಗಳು ಬರುವ ತಿಂಗಳಿಗೆ ಮನೆಯಲ್ಲಿ ತುಪ್ಪ, ಬೆಲ್ಲ ಕೂಡಿಡುತ್ತೇವೆ; ಅವಳು ಬಂದು ಹೋದ ಮೇಲೆ ತಂದರೆ ಏನು ಬಂತು? ಇನ್ನು ರಂಗನತಿಟ್ಟಿನ ಕಷ್ಟ ಉಲ್ಟಾ. ಕೆಆರ್‌ಎಸ್‌ನಿಂದ ಒಮ್ಮೆಲೇ ಹೆಚ್ಚು ನೀರು ಬಿಟ್ಟಾಗ ನಡುಗಡ್ಡೆಗಳೇ ಮುಳುಗಿ, ತಗ್ಗಿನ ಗೂಡುಗಳು ಕೊಚ್ಚಿಹೋಗುತ್ತವೆ. ಹೊಳೆ ತುಂಬಿದರೆ ಎಲ್ಲ ಹಕ್ಕಿಗೂ ಹಬ್ಬ ಅಂತ ತಿಳಿಯಬೇಡಿ.

ಸೈಬೀರಿಯನ್ ಕ್ರೇನ್ ತೋರಿಸುತ್ತೀರಾ ಎಂದು ಇಬ್ಬರು ಆಗಲೇ ಕೇಳಿದ್ದಾರೆ. ಇಲ್ಲ. 2002ರ ಚಳಿಗಾಲದ ನಂತರ ಅವು ಭರತಪುರಕ್ಕೆ ಬಂದಿಲ್ಲ. ಬಣ್ಣದ ಕೊಕ್ಕರೆ, ಸಾರಸ್, ಬಾತುಗಳನ್ನು ನೋಡಬಹುದು, ಎಷ್ಟು ಅನ್ನುವುದು ಈ ವರ್ಷದ ನೀರಿನ ಮೇಲೆ. ರಿಕ್ಷಾ ಹತ್ತಿದ ಕೂಡಲೇ "ಇದು ಯಾವ ಹಕ್ಕಿ?" ಅನ್ನುವ ಮುಂಚೆ "ಈ ಸಲ ನೀರು ಯಾವ ತಿಂಗಳು ಬಂತು, ಎಲ್ಲಿಂದ ಬಂತು?" ಅಂತ ಕೇಳಿ ನೋಡಿ. ಅವರು ರಿಕ್ಷಾ ನಿಲ್ಲಿಸಿ ಮಾತಾಡುತ್ತಾರೆ. ಬಸ್ಸು ಬೆಳಿಗ್ಗೆ ಐದಕ್ಕೆ ಹೊರಡುತ್ತದೆ. ಮಂಜು ಇರುತ್ತದೆ, ಕಿವಿಗೆ ಮಫ್ಲರ್ ಮರೆಯಬೇಡಿ. ಮೊಸರನ್ನದ ಜವಾಬ್ದಾರಿ ನನ್ನದು.