ಕೈಯಾರೆ ಕಟ್ಟಿದ ಸ್ನೇಹದ ದಾರ



ಆಗಸ್ಟ್ ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಫ್ರೆಂಡ್‌ಶಿಪ್ ಡೇ. ವಿಶ್ವಸಂಸ್ಥೆ 2011ರಲ್ಲಿ ಜುಲೈ 30ನ್ನು ಸ್ನೇಹ ದಿನವೆಂದು ಸಾರಿದರೂ ನಮ್ಮ ಮಕ್ಕಳು ಆ ಭಾನುವಾರವನ್ನು ಬಿಟ್ಟುಕೊಟ್ಟಿಲ್ಲ. ಮರುದಿನ ಸ್ಕೂಲ್ ಬಸ್ಸಿನಲ್ಲಿ ನೋಡಿ, ಮಣಿಕಟ್ಟಿನ ತುಂಬ ಬ್ಯಾಂಡ್‌ಗಳು. ನಿನಗೆಷ್ಟು, ನನಗೆಷ್ಟು ಎಂಬ ಎಣಿಕೆ ಬೇರೆ. ಈ ಎಣಿಕೆಯಲ್ಲಿ ಸೋಲುವವರು ಯಾರು ಗೊತ್ತೇ? ಅಪ್ಪನಿಗೆ ದೆಹಲಿಗೆ ವರ್ಗವಾಯಿತೆಂದು ಧಾರವಾಡದಿಂದಲೋ ಮೈಸೂರಿನಿಂದಲೋ ಹೊಸದಾಗಿ ಬಂದ, ಹಿಂದಿ ಇನ್ನೂ ನಾಲಿಗೆಗೆ ಹತ್ತದ ಮಗು.

ಚಾಣಕ್ಯಪುರಿಯಲ್ಲಿರುವವರಿಗೆ ಇದು ಚೆನ್ನಾಗಿ ಗೊತ್ತು. 1950ರ ದಶಕದಲ್ಲಿ ರಾಯಭಾರ ಕಚೇರಿಗಳಿಗೆಂದೇ ರೂಪುಗೊಂಡ ಬಡಾವಣೆ ಇದು. ಕೌಟಿಲ್ಯ ಮಾರ್ಗದ ನಮ್ಮ ಕರ್ನಾಟಕ ಭವನದ ಸುತ್ತಮುತ್ತ ಎಷ್ಟೋ ಮನೆಗಳು ಪೋಸ್ಟಿಂಗ್ ಮೇಲೆ ಬಂದು ಹೋಗುವವರದು. ಮಕ್ಕಳಿಗೆ ಗೆಳೆಯರು ಸಿಗುವುದೂ ಬೇಗ, ಕಳೆದುಹೋಗುವುದೂ ಬೇಗ. ಹಾಗಾಗಿ ಅಂಗಡಿಯ ಬ್ಯಾಂಡ್ ಕೊಳ್ಳುವ ಬದಲು ಮಕ್ಕಳಿಗೆ ಗಂಟು ಹಾಕುವುದನ್ನು ಕಲಿಸಿ ಎಂದು ಹೇಳುವುದಕ್ಕೇ ಇವತ್ತಿನ ಈ ಮಾತು.

ಕೈಗೆ ದಾರ ಕಟ್ಟುವುದು ನಮಗೇನೂ ಹೊಸದಲ್ಲ. ವರಮಹಾಲಕ್ಷ್ಮಿ ವ್ರತದ ಅರಿಶಿನದ ದಾರಕ್ಕೆ ಒಂಬತ್ತು ಗಂಟು, ಅನಂತನ ದಾರಕ್ಕೆ ಹದಿನಾಲ್ಕು. ನಮ್ಮೂರಲ್ಲಿ ಜನಿವಾರ ಬದಲಿಸುವ ನೂಲು ಹುಣ್ಣಿಮೆಯಂದೇ ಇಲ್ಲಿ ರಾಖಿ. 1905ರಲ್ಲಿ ಬಂಗಾಳವನ್ನು ಒಡೆದಾಗ ರವೀಂದ್ರನಾಥ ಠಾಕೂರರು ಹಿಂದೂ ಮುಸ್ಲಿಮರು ಪರಸ್ಪರ ರಾಖಿ ಕಟ್ಟುವಂತೆ ಕರೆ ಕೊಟ್ಟರು. ಅದೂ ಸ್ನೇಹದ ದಾರವೇ ಅಲ್ಲವೇ? ಬಣ್ಣಬಣ್ಣದ ಗಂಟಿನ ಪಟ್ಟಿ ಮಾತ್ರ ದೂರದ್ದು. ಗ್ವಾಟೆಮಾಲಾದ ಕೈಕೆಲಸದ ಪಟ್ಟಿಗಳು 1980ರ ದಶಕದಲ್ಲಿ ಅಮೆರಿಕದ ಮಕ್ಕಳಿಗೆ ಹುಚ್ಚು ಹಿಡಿಸಿದವು. ನಮ್ಮಲ್ಲಿ 1998ರ 'ಕುಛ್ ಕುಛ್ ಹೋತಾ ಹೈ' ಬಂದಮೇಲೆ ಫ್ರೆಂಡ್‌ಶಿಪ್ ಬ್ಯಾಂಡ್ ಮನೆಮಾತಾಯಿತು.

ಇನ್ನು ಕೆಲಸಕ್ಕೆ ಬರೋಣ. ಬೇಕಾದದ್ದು ಕಸೂತಿ ದಾರ. ಒಂದು ಲಡಿಯಲ್ಲಿ ಸುಮಾರು 8 ಮೀಟರ್ ಇರುತ್ತದೆ, ಆರು ಎಳೆ ಸೇರಿದ ದಾರ. ಎಳೆ ಬಿಡಿಸಬೇಡಿ. ಲೋಕ ಕಲ್ಯಾಣ ಮಾರ್ಗ ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿ ಚಾಂದನಿ ಚೌಕದಲ್ಲಿ ಇಳಿದರೆ ಕಿನಾರಿ ಬಜಾರಿನಲ್ಲಿ ದಾರ, ಜರಿ, ಮಣಿ ಏನು ಬೇಕಾದರೂ ಉಂಟು. ಒಂದೊಂದು ದಾರವನ್ನು ಸುಮಾರು ಒಂದು ಮೀಟರ್ ಕತ್ತರಿಸಿ, ಎಲ್ಲವನ್ನೂ ಸೇರಿಸಿ ಮೇಲೆ ಒಂದು ಗಂಟು ಹಾಕಿ, ಪಿನ್ನಿನಿಂದ ದಿಂಬಿಗೆ ಚುಚ್ಚಿ.

ಮೂಲ ಗಂಟು ಒಂದೇ. ಎಡದ ದಾರವನ್ನು ಪಕ್ಕದ ದಾರದ ಮೇಲೆ ಅಡ್ಡ ಹಾಕಿ. ಇಂಗ್ಲಿಷಿನ 4ರ ಆಕಾರ ಬರುತ್ತದೆ. ತುದಿಯನ್ನು ಪಕ್ಕದ ದಾರದ ಅಡಿಯಿಂದ ತಂದು, ಆ ಕುಣಿಕೆಯೊಳಗೆ ತೂರಿಸಿ ಮೇಲಕ್ಕೆ ಎಳೆಯಿರಿ. ಹೀಗೆ ಎರಡು ಸಲ. ಒಂದೇ ಸಲ ಹಾಕಿದರೆ ಗಂಟು ಜಾರುತ್ತದೆ.

ಎಲ್ಲಕ್ಕಿಂತ ಸುಲಭದ್ದು ಸುರುಳಿ ಪಟ್ಟಿ. ಒಂದೇ ದಾರದಿಂದ ಉಳಿದೆಲ್ಲದರ ಸುತ್ತ ಅದೇ ಗಂಟನ್ನು ಹಾಕುತ್ತಾ ಹೋಗಿ. ಗಂಟುಗಳೆಲ್ಲ ಒಂದೇ ಕಡೆಗೆ ಎಳೆಯುವುದರಿಂದ ಪಟ್ಟಿ ತಾನಾಗಿಯೇ ಏಣಿಮೆಟ್ಟಿಲಿನಂತೆ ತಿರುಚಿಕೊಳ್ಳುತ್ತದೆ. ಸುತ್ತುವ ದಾರ ಮಾತ್ರ ಉಳಿದವಕ್ಕಿಂತ ಉದ್ದ ಇರಲಿ.

ಎರಡನೆಯದು ಓರೆಗೆರೆ. ಆರು ಬಣ್ಣ ತೆಗೆದುಕೊಂಡರೆ, ಎಡತುದಿಯ ದಾರ ಉಳಿದ ಐದಕ್ಕೂ ಒಂದೊಂದಾಗಿ ಗಂಟು ಹಾಕುತ್ತಾ ಬಲತುದಿ ಮುಟ್ಟಬೇಕು. ಒಂದು ಗೆರೆ ಮುಗಿಯಿತು. ಈಗ ಎಡಕ್ಕೆ ಬಂದು ನಿಂತ ಹೊಸ ಬಣ್ಣದ ಸರದಿ.

ಮೂರನೆಯದು ಬಾಣದ ಮೊನೆ. ಎಂಟು ದಾರ, ಎಡಕ್ಕೂ ಬಲಕ್ಕೂ ಬಣ್ಣದ ಕ್ರಮ ಕನ್ನಡಿಯಲ್ಲಿ ಕಂಡಂತಿರಲಿ. ಎರಡು ತುದಿಯ ದಾರಗಳೂ ಗಂಟು ಹಾಕುತ್ತಾ ನಡುವಿಗೆ ಬಂದು ಒಂದಕ್ಕೊಂದು ಸೇರುತ್ತವೆ. ಬಲಗಡೆಯ ಗಂಟನ್ನು ತಿರುವುಮುರುವಾಗಿ ಹಾಕಬೇಕು. ಮೊದಲ ದಿನ ಕಗ್ಗಂಟಾಗುತ್ತದೆ, ಎರಡನೆಯ ದಿನ ಕೈಗೆ ಹತ್ತುತ್ತದೆ. ಸೀರೆಗೆ ಕುಚ್ಚು ಕಟ್ಟಿ ಗೊತ್ತಿರುವ ಅಮ್ಮಂದಿರಿಗಂತೂ ಇದು ಹೇಳಿಕೊಡುವ ಮಾತೇ ಅಲ್ಲ.

ಬಾಣದ ಮೊನೆಯ ಒಂದು ಪಟ್ಟಿ ಮುಗಿಸಲು ಹೊಸಬರಿಗೆ ಎರಡು ಮೂರು ಗಂಟೆಯಾದರೂ ಬೇಕು. ಅದೇ ಇದರ ಒಳ್ಳೆಯ ಗುಣ. ಇಡೀ ಕ್ಲಾಸಿಗೆ ಕಟ್ಟಿಕೊಡಲು ಆಗುವುದಿಲ್ಲ. ಯಾರಿಗೆ ಕಟ್ಟಲಿ ಎಂದು ಮಗು ಯೋಚಿಸಬೇಕಾಗುತ್ತದೆ. ಆಗ ಎಣಿಕೆಗೆ ಬೆಲೆ ಇರುವುದಿಲ್ಲ.

ಇನ್ನೊಂದು ಮಾತು. ಗಂಟು ಹಾಕುವುದನ್ನು ಕಲಿಸಲು ಹಿಂದಿ ಬೇಕಿಲ್ಲ, ಇಂಗ್ಲಿಷೂ ಬೇಕಿಲ್ಲ. ಬಿಡುವಿನ ವೇಳೆಯಲ್ಲಿ ಹೊಸ ಮಗು ದಾರ ಹಿಡಿದು ಕೂತರೆ ಅಕ್ಕಪಕ್ಕದವರು ಬಗ್ಗಿ ನೋಡುತ್ತಾರೆ, 'ನನಗೂ ತೋರಿಸು' ಎನ್ನುತ್ತಾರೆ. ಅಲ್ಲಿಂದ ಮಾತು ಬರುತ್ತದೆ. ಅದು ಕೊರಿಯಾದ ಮಗುವಾದರೂ ಸರಿ, ಕರೋಲ್ ಬಾಗಿನ ಮಗುವಾದರೂ ಸರಿ.

ಈ ಪಟ್ಟಿಯನ್ನು ತಾನಾಗಿ ಸವೆದು ಬೀಳುವವರೆಗೂ ತೆಗೆಯಬಾರದು ಎಂಬುದು ಮಕ್ಕಳ ನಂಬಿಕೆ. ಅಷ್ಟರಲ್ಲಿ ಕಟ್ಟಿದವರಿಗೆ ಬೇರೆ ಊರಿಗೆ ವರ್ಗವಾಗಿರಲೂಬಹುದು. ಆದರೂ ಕಟ್ಟಲಿ ಬಿಡಿ. ಈ ಶನಿವಾರ ಒಂದು ಗಂಟೆ ಟಿವಿ ಆರಿಸಿ, ಎರಡು ಲಡಿ ದಾರ ತಂದು ಮಗುವಿನ ಪಕ್ಕ ನೀವೂ ಕುಳಿತುಕೊಳ್ಳಿ. ಸುರುಳಿ ಪಟ್ಟಿಯಿಂದ ಶುರುಮಾಡಿ.