ಮನೆಯಲ್ಲೇ ಕಟ್ಟಿದ ಗಾಡಿಮನೆಯ ಮೊದಲ ಪಯಣ

1929ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಆರ್ಥರ್ ಶೆರ್ಮನ್ ಎಂಬವರು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಒಂದು ಡೇರೆಗಾಡಿಯನ್ನು ಕೊಂಡರು. ಅವರು ಸೂಕ್ಷ್ಮಜೀವಿ ವಿಜ್ಞಾನಿ. ಐದೇ ನಿಮಿಷದಲ್ಲಿ ಡೇರೆ ಬಿಚ್ಚಿ ನಿಲ್ಲಿಸಬಹುದು ಎಂದು ಜಾಹೀರಾತು ಹೇಳಿತ್ತು. ಸಂಸಾರ ಸಮೇತ ಹೊರಟ ಮೊದಲ ರಾತ್ರಿಯೇ ಗುಡುಗು, ಮಳೆ. ಒಂದು ಗಂಟೆ ಹೆಣಗಿದರೂ ಡೇರೆ ನಿಲ್ಲಲಿಲ್ಲ. ಎಲ್ಲರೂ ತೊಯ್ದು ತೊಪ್ಪೆಯಾದರು. ಬೇಸತ್ತ ಶೆರ್ಮನ್ 6 ಅಡಿ ಅಗಲ, 9 ಅಡಿ ಉದ್ದದ, ಗಟ್ಟಿ ಗೋಡೆಗಳ ಗಾಡಿಯೊಂದನ್ನು ತಾವೇ ಯೋಚಿಸಿ ಬಡಗಿಯಿಂದ ಕಟ್ಟಿಸಿದರು. ಒಳಗೆ ಒಲೆ, ಐಸ್‌ಪೆಟ್ಟಿಗೆ, ಕಪಾಟು ಎಲ್ಲವೂ ಇದ್ದವು. ಮಕ್ಕಳು ಅದಕ್ಕೆ ‘ಕವರ್ಡ್ ವ್ಯಾಗನ್’ ಎಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕಮಾನು ಗಾಡಿ! ನೋಡಿದವರೆಲ್ಲ ತಮಗೂ ಒಂದು ಬೇಕೆಂದರು. 1936ರ ವೇಳೆಗೆ ಶೆರ್ಮನ್ ಅವರ ಸಂಸ್ಥೆ ಇಂಥ ಗಾಡಿಗಳನ್ನು ತಯಾರಿಸುವ ಅಮೆರಿಕದ ಅತಿ ದೊಡ್ಡ ಸಂಸ್ಥೆಯಾಗಿತ್ತು.

ಕೊಳ್ಳಲು ಹಣವಿಲ್ಲದವರು ಮನೆಯಂಗಳದಲ್ಲೇ ಕಟ್ಟಿಕೊಂಡರು. ನೀರಹನಿಯ ಆಕಾರದ ‘ಟಿಯರ್‌ಡ್ರಾಪ್’ ಗಾಡಿ ಇವರ ಅಚ್ಚುಮೆಚ್ಚು. ಸುಮಾರು 8 ಅಡಿ ಉದ್ದ, 4 ಅಡಿ ಅಗಲ. ಅಂದರೆ ಒಂದು ಪ್ಲೈವುಡ್ ಹಲಗೆಯಷ್ಟು. ಒಳಗೆ ಇಬ್ಬರು ಮಲಗಬಹುದು. ಅಡುಗೆಮನೆ ಮಾತ್ರ ಹಿಂಭಾಗದಲ್ಲಿ, ಮೇಲಕ್ಕೆತ್ತುವ ಮುಚ್ಚಳದ ಕೆಳಗೆ. ಇಂದಿಗೂ ಅಲ್ಲಿ ಹವ್ಯಾಸಿಗಳು ಇದನ್ನು ಕಟ್ಟುತ್ತಾರೆ.

ಈಗ ಸ್ವಲ್ಪ ಯೋಚಿಸಿ. ತಿಂಗಳುಗಟ್ಟಲೆ ದುಡಿದು ಕಟ್ಟಿದ ಗಾಡಿ ಅಂಗಳದಲ್ಲಿ ಖಾಲಿ ನಿಂತಾಗ ಸಮತೂಕದಲ್ಲೇ ಇತ್ತು. ಹೊರಡುವ ದಿನ ಒಲೆ, ಪಾತ್ರೆ, ಐಸ್‌ಪೆಟ್ಟಿಗೆ, 20 ಲೀಟರ್ ನೀರು ಎಲ್ಲವೂ ಅಡುಗೆಮನೆ ಸೇರಿದವು. ನೀರೊಂದೇ 20 ಕಿಲೋಗ್ರಾಂ! ಗಾಡಿ ಹಿಂಭಾರವಾಯಿತು. ಎತ್ತಿನ ಗಾಡಿ ಹೊಡೆದವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಹಿಂದೆ ಹೇರು ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಗಾಡಿಯವನು ಒಂದೆರಡು ಮೂಟೆ ಮುಂದಕ್ಕೆ ಸರಿಸುತ್ತಾನೆ. ಕಾರಿಗೆ ಕೊರಳಿಲ್ಲ, ಆದ್ದರಿಂದ ಚಾಲಕನಿಗೆ ಒಡನೆ ಗೊತ್ತಾಗುವುದಿಲ್ಲ. ಆದರೆ ಕಾರಿನ ಹಿಂಭಾಗ ಮೇಲಕ್ಕೆತ್ತಿದಂತಾಗಿ ಹಿಂದಿನ ಚಕ್ರಗಳ ಹಿಡಿತ ಸಡಿಲುತ್ತದೆ.

ನಿಧಾನವಾಗಿ ಹೋಗುವಾಗ ಏನೂ ತೋರದು. ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಗಾಳಿಯ ತಳ್ಳಿಗೆ ಗಾಡಿಯ ಬಾಲ ಒಂದಿಷ್ಟು ಓಲುತ್ತದೆ. ಭಾರ ಮುಂದಿದ್ದರೆ ಚಕ್ರಗಳು ಅದನ್ನು ಮತ್ತೆ ಸಾಲಿಗೆ ತರುತ್ತವೆ. ಭಾರ ಹಿಂದಿದ್ದು ವೇಗ ಒಂದು ಮಿತಿ ದಾಟಿದ್ದರೆ ಓಲಾಟ ಅಡಗುವ ಬದಲು ಜೋಕಾಲಿಯಂತೆ ಬೆಳೆಯುತ್ತದೆ. ಪ್ರತಿ ಓಲಾಟವೂ ಕಾರಿನ ಬಾಲವನ್ನು ಎಳೆಯುತ್ತದೆ. ಕೆಲವೇ ಕ್ಷಣಗಳಲ್ಲಿ ಎರಡೂ ಮಗುಚಬಹುದು. ಆಗ ಗಾಬರಿಯಿಂದ ಕಾರಿನ ಬ್ರೇಕನ್ನು ಒತ್ತಿ ಹಿಡಿಯುವುದು, ಸ್ಟೀರಿಂಗನ್ನು ಅತ್ತಿತ್ತ ತಿರುಗಿಸುವುದು ತಪ್ಪು. ಸ್ಟೀರಿಂಗನ್ನು ನೆಟ್ಟಗೆ ಹಿಡಿದು ಆಕ್ಸಿಲರೇಟರ್‌ನಿಂದ ಮೆಲ್ಲನೆ ಕಾಲು ತೆಗೆಯಬೇಕು.

ಇದಕ್ಕೆಲ್ಲ ಅವಕಾಶ ಕೊಡದಿರುವ ಉಪಾಯ ಬಹಳ ಅಗ್ಗದ್ದು. ಸಾಮಾನೆಲ್ಲ ತುಂಬಿದ ಮೇಲೆ, ಗಾಡಿಯನ್ನು ಮಟ್ಟಸವಾಗಿ ನಿಲ್ಲಿಸಿ, ಅದರ ಮೂಕಿಯ ತುದಿಯನ್ನು ಮನೆಯ ತೂಕದ ಯಂತ್ರದ ಮೇಲೆ ಇಡಬೇಕು. ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಅಲ್ಲಿ ಕಾಣಬೇಕು. 600 ಕಿಲೋಗ್ರಾಂ ಗಾಡಿಯಾದರೆ 60ರಿಂದ 90. ಕಡಿಮೆ ಬಂತೇ? ನೀರಿನ ಕ್ಯಾನನ್ನು ಮುಂದಕ್ಕೆ ಸರಿಸಿ. ಅಷ್ಟಕ್ಕೂ ಸಾಲದಿದ್ದರೆ ಅಚ್ಚನ್ನೇ ಹಿಂದಕ್ಕೆ ಕೂರಿಸಬೇಕು. ಬೇಸರದ ಕೆಲಸ ನಿಜ, ಆದರೆ ಬೇರೆ ದಾರಿಯಿಲ್ಲ.

ಅನುಭವಿಗಳು ಮೊದಲ ಪಯಣಕ್ಕೆ ದೂರದ ಊರನ್ನು ಆರಿಸುವುದಿಲ್ಲ. ಮನೆಗೆ ಹತ್ತಿರದ ಕೆರೆಯಂಚೋ ತೋಪೋ ಸಾಕು. ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ಕುಕ್ಕದಂತೆ ಅದರಡಿ ಎರಡು ಸರಪಳಿಗಳನ್ನು ಅಡ್ಡಡ್ಡ ಹಾಯಿಸಿ ಕಾರಿಗೆ ಕಟ್ಟುತ್ತಾರೆ. ಕೆಲವು ಮೈಲಿ ಹೋದ ಮೇಲೆ ನಿಲ್ಲಿಸಿ ಚಕ್ರದ ಗುಂಬವನ್ನು ಎಚ್ಚರದಿಂದ ಮುಟ್ಟಿ ನೋಡುತ್ತಾರೆ. ಒಂದು ಬದಿ ಬೆಚ್ಚಗಿದ್ದು ಇನ್ನೊಂದು ಸುಡುತ್ತಿದ್ದರೆ ಅಲ್ಲಿ ಬೇರಿಂಗಿನ ದೋಷವಿದೆ ಎಂದೇ ಲೆಕ್ಕ. ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡುತ್ತಾರೆ. ತಂಗುದಾಣದಲ್ಲಿ ಹಿಮ್ಮುಖವಾಗಿ ನಿಲ್ಲಿಸುವುದು ಬೇರೆಯೇ ಪರೀಕ್ಷೆ: ಗಾಡಿ ಎಡಕ್ಕೆ ಹೊರಳಬೇಕಾದರೆ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಬೇಕು! ಹೊಸಬರು ಇಲ್ಲಿ ಎಷ್ಟು ಒದ್ದಾಡುತ್ತಾರೆಂದರೆ, ಅಕ್ಕಪಕ್ಕದ ಡೇರೆಯವರು ಕುರ್ಚಿ ಹಾಕಿಕೊಂಡು ಕುಳಿತು ನೋಡುವುದುಂಟು.

ಇನ್ನು ಮಳೆ. ಆ ರಾತ್ರಿ ಮಳೆ ಬಂದರೆ ಕಟ್ಟಿದವರು ಟಾರ್ಚು ಹಿಡಿದು ಕಿಟಕಿಯ ಸಂದು, ಮುಚ್ಚಳದ ಕೀಲು ಎಲ್ಲವನ್ನೂ ತಡವಿ, ನೀರು ಜಿನುಗಿದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ, ಮತ್ತೆ ಮಲಗುತ್ತಾರೆ.